ಅಜ್ಜನ ಸೈಕಲ್ಲಿಗೆ ಎಷ್ಟು ವ್ಯಾಟ್?

ಜಕ್ಕಲಿ ಸುತ್ತಲಿನ ಎರಿ ಹೊಲಗಳ ನಡುವೆ ರಸ್ತೆ ಹೆಚ್ಚುಕಡಿಮೆ ಸಪಾಟು. ಏರು ಕಮ್ಮಿ, ಆದರೆ ಆಷಾಢದ ಗಾಳಿಗೆ ಅಡ್ಡವೂ ಇಲ್ಲ. ಲೆಕ್ಕಕ್ಕೆ ಇಲ್ಲಿ ಎಪ್ಪತ್ತರ ಅಜ್ಜನೊಬ್ಬನನ್ನು ಇಟ್ಟುಕೊಳ್ಳೋಣ. ಗೇರಿಲ್ಲದ ಹಳೇ ಕರಿ ಸೈಕಲ್ಲು, ಅಜ್ಜ ಸೇರಿ 80 ಕಿಲೋ. ರೋಲಿಂಗ್ ಗುಣಾಂಕ 0.008, ಡ್ರ್ಯಾಗ್ ಏರಿಯಾ 0.6 ಚದರ ಮೀಟರ್, ಗಾಳಿಯ ಸಾಂದ್ರತೆ 1.1 ಅಂತ ಹಿಡಿದಿದ್ದೇನೆ.

ಗಾಳಿಯಿಲ್ಲದ ದಿನ ಗಂಟೆಗೆ 12 ಕಿ.ಮೀ. ಹೋದರೆ ಟೈರಿಗೆ 21, ಗಾಳಿಗೆ 12, ಒಟ್ಟು 33 ವ್ಯಾಟ್. ಹೆಸರು ಬೆಳೆ ನೋಡುತ್ತ, ಎದುರು ಬಂದವರನ್ನು ಮಾತಾಡಿಸುತ್ತ ಹೋಗಬಹುದು. ನಮ್ಮ ಹುಡುಗರ ಹಾಗೆ 24ಕ್ಕೆ ಏರಿಸಿದರೆ 140 ವ್ಯಾಟ್! ವೇಗ ಎರಡು ಪಟ್ಟಾದರೆ ಗಾಳಿಯ ಪಾಲು ಎಂಟು ಪಟ್ಟು.

ಎದುರಿಗೆ 12 ಕಿ.ಮೀ. ಗಾಳಿ ಇದ್ದರೆ? ಅದೇ 12ರಲ್ಲೇ ಹೋಗ್ತೀನಿ ಅಂದರೆ 70 ವ್ಯಾಟ್ ಬೇಕು. 8ಕ್ಕೆ ಇಳಿಸಿದರೆ 37 ಸಾಕು.

ಇಲ್ಲಿಗೇ ಮುಗೀತು ಅಂದುಕೊಂಡು ನಾನು ತಪ್ಪಿದ್ದೆ. ವ್ಯಾಟ್ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಮಂಡಿಗೆ ಬೀಳುವ ಭಾರ ಅಷ್ಟೇ ಅಲ್ಲ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್. 12ರಲ್ಲಿ ನಿಮಿಷಕ್ಕೆ 37 ಸುತ್ತು. 8ರಲ್ಲಿ ಬರೀ 25. ಹಾಗಾಗಿ ಪ್ರತಿ ತುಳಿತದ ಬಲ ಒಂದೂವರೆ ಪಟ್ಟಿಗೂ ಮೇಲೆ. 'ಮಂಡಿ ನೋಯ್ತಾವ, ಇನ್ನ ಸಾಕಪಾ' ಅಂತ ಅಜ್ಜ ಸೈಕಲ್ಲನ್ನು ಗೋಡೆಗೆ ಆನಿಸುವುದು ಇಂಥ ದಿನವೇ.

ಫ್ರೀವೀಲ್ 22 ಹಲ್ಲಿನದು ಹಾಕಿಸಿದರೆ ಆ ಬಲ ಶೇ. 18ರಷ್ಟು ಇಳಿಯುತ್ತದೆ. ಸೀಟು ತೀರಾ ತಗ್ಗಾಗಿದ್ದರೂ ಮಂಡಿಗೆ ತ್ರಾಸು. ಆದರೆ ನಿಲ್ಲಿಸಿದಾಗ ಅಜ್ಜನ ಕಾಲು ನೆಲಕ್ಕೆ ಎಟುಕಬೇಕು, ಅಷ್ಟೇ ಏರಿಸಿ.