ಗಣಕಯಂತ್ರದೊಳಗಿನ ಸಂಭಾಷಣೆ

ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಉಪಯೋಗಿಸುತ್ತಿದ್ದರೆಂದರೆ, ಅಂಗೈಯಗಲದ ಯಂತ್ರವನ್ನು ಕಂಡ ನಮ್ಮ ವಿದ್ಯಾರ್ಥಿನಿಯರು ಆಶ್ಚರ್ಯಪಡುವರು. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಎಂಬವರು ೧೯೬೯ರಲ್ಲಿ ಆರಂಭಿಸಿದ ‘ಯೂನಿಕ್ಸ್’ ವ್ಯವಸ್ಥೆಯು ಇಂಥ ಬಳಕೆಗಾಗಿಯೇ ಬೆಳೆಯಿತು. ಯಂತ್ರವು ಒಂದೇ, ಒಬ್ಬೊಬ್ಬರ ಮುಂದೆಯೂ ಕಾಗದದ ಮೇಲೆ ಅಚ್ಚೊತ್ತುವ ಒಂದೊಂದು ಟೆಲಿಟೈಪ್. ಹೀಗಿರುವಲ್ಲಿ ಆಚೆ ಕೋಣೆಯವರೊಡನೆ ಒಂದು ಮಾತನ್ನಾಡಬೇಕಾದರೆ ಮಾಡುವುದೇನು? ೧೯೭೧ರ ಪ್ರಥಮ ಕೈಪಿಡಿಯಲ್ಲಿಯೇ ಇದಕ್ಕೆ ‘ರೈಟ್’ ಎಂಬ ಆಜ್ಞೆಯುಂಟು.

ಮೊದಲು ‘ಹೂ’ ಎಂಬ ಆಜ್ಞೆಯಿಂದ ಯಾರಾರು ಕೆಲಸದಲ್ಲಿರುವರೆಂದು ತಿಳಿದುಕೊಂಡು, ‘ರೈಟ್’ ಎಂಬುದರ ಮುಂದೆ ಬೇಕಾದವರ ಹೆಸರನ್ನು ಬರೆಯತಕ್ಕದ್ದು. ಬಳಿಕ ನಾವು ಬರೆಯುವ ಒಂದೊಂದು ಸಾಲೂ ಅವರ ಮುಂದೆ ಮೂಡುವುದು. ಆದರೆ ಇಬ್ಬರೂ ಒಮ್ಮೆಲೇ ಬರೆಯತೊಡಗಿದರೆ ಸಾಲುಗಳು ಬೆರೆತು ಗೊಂದಲವಾಗುವುದು. ಆದುದರಿಂದ ಕೈಪಿಡಿಯು ಒಂದು ಕ್ರಮವನ್ನು ಹೇಳುವುದು. ಅದೇನೆಂದರೆ, ಕರೆದವರು ಎದುರಿನವರ ಉತ್ತರ ಬರುವ ತನಕ ಕಾದಿರಬೇಕು. ತಮ್ಮ ಸರದಿ ಮುಗಿದಾಗ ಆವರಣದೊಳಗೆ ‘ಓ’ ಎಂಬ ಇಂಗ್ಲಿಷ್ ಅಕ್ಷರವನ್ನೂ, ಸಂಭಾಷಣೆಯೇ ಮುಗಿದಾಗ ಎರಡು ‘ಓ’ಗಳನ್ನೂ ಬರೆಯಬೇಕು. ಯಂತ್ರವು ಈ ನಿಯಮವನ್ನು ಬಲಾತ್ಕರಿಸುವುದಿಲ್ಲ. ಎಲ್ಲವೂ ಬಳಸುವವರ ಸೌಜನ್ಯಕ್ಕೆ ಬಿಟ್ಟದ್ದು. ಕೈಯೆತ್ತುವ ಮೊದಲೇ ಉತ್ತರ ಕೊಡುವ ನಮ್ಮ ಕೆಲವು ಹುಡುಗಿಯರು ಇದನ್ನೋದಿ ನಕ್ಕಾರು.

ಇನ್ನೊಂದು ತೊಡಕುಂಟು. ಏಕಾಗ್ರತೆಯಿಂದ ಲೇಖನವನ್ನು ತಿದ್ದುತ್ತಿರುವವಳ ತೆರೆಯ ನಡುವೆಯೇ ಪರರ ಮಾತು ಬಂದು ಬೀಳುವುದು. ಲೇಖನವು ಕೆಡುವುದಿಲ್ಲವಾದರೂ ಮನಸ್ಸು ಕೆಡುವುದು. ಇದಕ್ಕಾಗಿ ‘ಮೆಸ್ಗ್’ ಎಂಬ ಆಜ್ಞೆಯನ್ನಿಟ್ಟರು. ಅದರ ಮುಂದೆ ‘ಎನ್’ ಎಂದು ಬರೆದರೆ ಬಾಗಿಲು ಮುಚ್ಚುವುದು, ‘ವೈ’ ಎಂದರೆ ತೆರೆಯುವುದು. ಮಾತನಾಡುವ ಹಕ್ಕಿನೊಡನೆ ಮಾತನ್ನು ಒಲ್ಲೆನೆನ್ನುವ ಹಕ್ಕನ್ನೂ ಕೊಟ್ಟದ್ದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

೧೯೮೩ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನೊಡನೆ ‘ಟಾಕ್’ ಬಂದಿತು. ಇದು ತೆರೆಯನ್ನು ಎರಡು ಭಾಗ ಮಾಡಿ, ಮೇಲೆ ನಮ್ಮ ಮಾತನ್ನೂ ಕೆಳಗೆ ಎದುರಿನವರ ಮಾತನ್ನೂ ತೋರಿಸುವುದು. ಬೇರೆ ಯಂತ್ರದಲ್ಲಿರುವವರನ್ನೂ ಕರೆಯುವುದು. ಸಾಲುಗಳು ಬೆರೆಯುವ ಭಯವಿಲ್ಲ. ಆದರೆ ಇಲ್ಲಿ ಅಕ್ಷರಗಳು ಒತ್ತಿದೊಡನೆಯೇ ಆಚೆಗೆ ಹೋಗುವುವು. ಸಿಟ್ಟಿನಲ್ಲಿ ಒಂದು ಮಾತನ್ನು ಬರೆದು, ಕೂಡಲೆ ಪಶ್ಚಾತ್ತಾಪಪಟ್ಟು ಅಳಿಸಿದರೂ, ಬರೆದುದನ್ನೂ ಅಳಿಸಿದುದನ್ನೂ ಎದುರಿನವರು ಆಗಲೇ ನೋಡಿರುವರು. ‘ರೈಟ್’ನಲ್ಲಾದರೋ ಸಾಲು ಮುಗಿಸುವ ಕೀಲಿಯನ್ನು ಒತ್ತುವ ಮುನ್ನ ಅರೆಕ್ಷಣ ಆಲೋಚಿಸಲು ಎಡೆಯುಂಟು. ಈ ಕಾರಣದಿಂದ ನಾವು ಹಳೆಯದರ ಪಕ್ಷವನ್ನೇ ವಹಿಸುವೆವು.

‘ರೈಟ್’, ‘ಮೆಸ್ಗ್’ ಎರಡೂ ಇಂದಿನ ಲಿನಕ್ಸಿನಲ್ಲಿಯೂ ದೊರೆಯುವುವು. ಒಂದು ಮಾತನ್ನು ಮಾತ್ರ ನೆನಪಿನಲ್ಲಿಡಬೇಕು: ಮುಚ್ಚಿದ ಬಾಗಿಲು ಯಂತ್ರದ ಮೇಲ್ವಿಚಾರಕರನ್ನು ತಡೆಯದು. ಯಂತ್ರವನ್ನು ನಿಲ್ಲಿಸುವ ಮೊದಲು ಅವರು ‘ವಾಲ್’ ಎಂಬ ಆಜ್ಞೆಯಿಂದ ಎಲ್ಲರಿಗೂ ಒಮ್ಮೆಗೇ ಎಚ್ಚರಿಕೆ ಕೊಡುವರು. ಅದು ತೆರೆಯ ಮೇಲೆ ಕಂಡೊಡನೆ, ಬರೆದುದನ್ನು ಭದ್ರಪಡಿಸಿ ಹೊರಬರತಕ್ಕದ್ದು.