ಮನೆಯ ಧೂಳಿನ ಜಮಾ-ಖರ್ಚು

ಕಿಟಕಿಯ ಸರಳುಗಳ ನಡುವಿನಿಂದ ಮುಂಜಾನೆಯ ಬಿಸಿಲುಕೋಲು ಕೋಣೆಯೊಳಗೆ ಬಿದ್ದಾಗ ಅದರಲ್ಲಿ ಅಸಂಖ್ಯ ಕಣಗಳು ತೇಲಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ಪ್ರಾಚೀನ ಭಾರತದ ಸ್ಮೃತಿಕಾರರು ತೂಕದ ಮಾನಗಳನ್ನು ಎಣಿಸುವಾಗ ಈ ಕಣಕ್ಕೆ 'ತ್ರಸರೇಣು' ಎಂಬ ಹೆಸರನ್ನಿತ್ತು, ಅದನ್ನೇ ಮೊದಲನೆಯ ಪರಿಮಾಣವಾಗಿ ಗ್ರಹಿಸಿದ್ದರು. 1870ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಧೂಳು ಮತ್ತು ರೋಗಗಳನ್ನು ಕುರಿತು ಉಪನ್ಯಾಸವಿತ್ತ ವಿಜ್ಞಾನಿ ಜಾನ್ ಟಿಂಡಾಲ್, ಬೆಳಕಿನ ಕಿರಣದಲ್ಲಿ ತೇಲುವ ಈ ಕಣಗಳಲ್ಲಿ ಬಹುಪಾಲು ಬೆಂಕಿಯಲ್ಲಿ ಸುಟ್ಟುಹೋಗುವಂಥ ಸಾವಯವ ವಸ್ತುವೆಂಬುದನ್ನು ತೋರಿಸಿಕೊಟ್ಟನು. ಧೂಳೆಂದರೆ ಕೇವಲ ಮಣ್ಣು ಎಂಬ ಭಾವನೆ ತಪ್ಪೆಂದು ಅಂದಿನಿಂದಲೇ ತಿಳಿದುಬಂದಿದೆ.

ಮುಂಬಯಿಯಂಥ ಮಹಾನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಧೂಳಿನ ದೂರು ನಿತ್ಯದ್ದು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಎರಡು ಹೊತ್ತು ಗುಡಿಸಿದರೂ ಧೂಳು ಕಡಿಮೆಯಾಗುವುದಿಲ್ಲವೆಂದು ಗೃಹಿಣಿಯರು ಬೇಸರಿಸುತ್ತಾರೆ. ಇದಕ್ಕೆ ಕಾರಣವನ್ನು ಒಂದು ಖಾತೆಯ ಲೆಕ್ಕದಂತೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮನೆಯೊಳಗೆ ಬರುವ ಧೂಳು ಜಮೆ, ಮನೆಯಿಂದ ನಿಜವಾಗಿ ಹೊರಹೋಗುವ ಧೂಳು ಖರ್ಚು, ಉಳಿದದ್ದು ಶಿಲ್ಕು. ಸಾಮಾನ್ಯವಾಗಿ ಎಲ್ಲರ ಗಮನವೂ ಖರ್ಚಿನ ಕಡೆಗೇ ಇರುತ್ತದೆ. ಜಮೆಯನ್ನು ತಡೆಯದೆ ಎಷ್ಟು ಗುಡಿಸಿದರೂ ಶಿಲ್ಕು ಇಳಿಯದು.

ಜಮೆಯ ಬಾಬುಗಳು: ಹೊರಗಿನಿಂದ

ಮೊದಲನೆಯ ಬಾಬು ಪಾದರಕ್ಷೆ. ರಸ್ತೆಯ ಮಣ್ಣು, ಟೈರುಗಳು ಸವೆದು ಉದುರಿದ ಪುಡಿ, ಸಿಮೆಂಟಿನ ಹುಡಿ, ಒಣಗಿದ ಉಗುಳು ಇವೆಲ್ಲ ಚಪ್ಪಲಿಯ ಅಡಿಗೆ ಅಂಟಿಕೊಂಡು ಬರುತ್ತವೆ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಅಂಗಳದಲ್ಲಿ ಕಾಲು ತೊಳೆದು ಜಗಲಿ ಹತ್ತುವ ಪದ್ಧತಿಯಿತ್ತು. ಹೊರಗಿಗೂ ಒಳಗಿಗೂ ನಡುವೆ ಅಂಗಳ, ಜಗಲಿ, ಪಡಸಾಲೆಗಳೆಂಬ ಮೂರು ಹಂತಗಳಿದ್ದವು. ಫ್ಲ್ಯಾಟಿನಲ್ಲಿ ಲಿಫ್ಟಿನಿಂದ ಇಳಿದ ನಾಲ್ಕನೆಯ ಹೆಜ್ಜೆಗೇ ಹಾಲ್ ಬರುತ್ತದೆ. ಚಪ್ಪಲಿಯ ಗೂಡು ಬಾಗಿಲಿನ ಒಳಗೇ ಇರುತ್ತದೆ.

ಎರಡನೆಯ ಬಾಬು ಕಿಟಕಿ. ವಾಹನಗಳ ಹೊಗೆ, ರಸ್ತೆಯಿಂದ ಎದ್ದ ಧೂಳು, ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಕಟ್ಟುವಲ್ಲಿನ ಹುಡಿ ಈ ದಾರಿಯಿಂದ ಬರುತ್ತವೆ. ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಳಿ ತೊಳೆದಂತಿರುತ್ತದೆ. ಮಳೆ ಹಿಂಜರಿದ ಮೇಲೆ, ಚಳಿಗಾಲದಲ್ಲಿ ಗಾಳಿಯ ವೇಗ ತಗ್ಗಿ, ರಾತ್ರಿ ಮತ್ತು ಮುಂಜಾನೆ ನೆಲದ ಸಮೀಪದಲ್ಲಿಯೇ ಕೊಳೆಗಾಳಿ ನಿಲ್ಲುತ್ತದೆ. ಕಟ್ಟಡ ಕಾಮಗಾರಿಯ ಧೂಳು ಎಷ್ಟು ಗಂಭೀರವಾಯಿತೆಂದರೆ, 2023ರ ಅಕ್ಟೋಬರಿನಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆಯು ನಿಯಮಾವಳಿಯೊಂದನ್ನು ಹೊರಡಿಸಿ, 70 ಮೀಟರಿಗಿಂತ ಎತ್ತರದ ಕಟ್ಟಡಗಳ ಕಾಮಗಾರಿಯ ಸುತ್ತ ಕನಿಷ್ಠ 35 ಅಡಿ ಎತ್ತರದ ತಗಡಿನ ಮರೆ ಕಟ್ಟಬೇಕೆಂದು ವಿಧಿಸಿತು. ಕಟ್ಟಡಕ್ಕೆ ಬಟ್ಟೆಯ ಹೊದಿಕೆ, ನೀರಿನ ಸಿಂಪರಣೆ, ಹೊರಹೋಗುವ ಲಾರಿಗಳ ಚಕ್ರಗಳನ್ನು ತೊಳೆಯುವುದು ಇತ್ಯಾದಿ ಷರತ್ತುಗಳೂ ಅದರಲ್ಲಿದ್ದವು.

ಜಮೆಯ ಬಾಬುಗಳು: ಒಳಗಿನಿಂದ

ಮನೆಯವರೇ ಉತ್ಪಾದಿಸುವ ಧೂಳೂ ಕಡಿಮೆಯದಲ್ಲ. ಪ್ರತಿಯೊಬ್ಬನ ಚರ್ಮದಿಂದ ದಿನವೊಂದಕ್ಕೆ ಸುಮಾರು ಒಂದು ಗ್ರಾಮಿನಷ್ಟು ಹೊಟ್ಟು ಉದುರುತ್ತದೆ. ಸ್ನಾನದಲ್ಲಿ ಒಂದಂಶ ತೊಳೆದುಹೋಗಿ, ಉಳಿದದ್ದು ಬಟ್ಟೆಗೂ ಹಾಸಿಗೆಗೂ ಸೇರುತ್ತದೆ. ಕೂದಲು, ಹತ್ತಿಯ ಬಟ್ಟೆ ಮತ್ತು ಹೊದಿಕೆಗಳಿಂದ ಬಿಡುವ ಎಳೆ, ಹಳೆಯ ಕಾಗದದ ಪುಡಿ, ಗೋಡೆಯ ಸುಣ್ಣ, ಜಿರಲೆಗಳ ದೇಹದ ಚೂರು ಮತ್ತು ಹಿಕ್ಕೆ ಇದರೊಡನೆ ಕೂಡುತ್ತವೆ.

ಹೊಗೆಯ ಬಾಬು ಬೇರೆಯೇ ಇದೆ. ಒಗ್ಗರಣೆ ಮತ್ತು ಕರಿಯುವಿಕೆಯಿಂದ ಏಳುವ ಎಣ್ಣೆಯ ಸೂಕ್ಷ್ಮ ಹನಿಗಳು ಧೂಳಿನೊಡನೆ ಬೆರೆತು ಫ್ಯಾನಿನ ರೆಕ್ಕೆಗಳ ಮೇಲೂ ಕಪಾಟಿನ ನೆತ್ತಿಯ ಮೇಲೂ ಜಿಡ್ಡಾಗಿ ಕೂರುತ್ತವೆ. ಊದುಬತ್ತಿ, ಧೂಪ, ಸೊಳ್ಳೆಬತ್ತಿಗಳ ಹೊಗೆಯೂ ಸೂಕ್ಷ್ಮ ಕಣಗಳೇ ಆಗಿದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸುರುಳಿ ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ಅತಿಸೂಕ್ಷ್ಮ ಕಣಗಳ ತೂಕವು 75ರಿಂದ 137 ಸಿಗರೇಟುಗಳಿಂದ ಬರುವಷ್ಟಕ್ಕೆ ಸಮ. ಮುಚ್ಚಿದ ಕೋಣೆಯಲ್ಲಿ ಇಡೀ ರಾತ್ರಿ ಅದನ್ನು ಉರಿಸಿ ಮಕ್ಕಳನ್ನು ಮಲಗಿಸುವ ಮನೆಗಳು ಈ ಅಂಕಿಯನ್ನು ಗಮನಿಸಬೇಕು. ಸೊಳ್ಳೆಪರದೆಗೆ ಹೊಗೆಯೂ ಇಲ್ಲ, ನಿತ್ಯದ ವೆಚ್ಚವೂ ಇಲ್ಲ.

ಹಳೆಯ ಕಟ್ಟಡಗಳಲ್ಲಿ ವಾಸಿಸುವವರು ಬಣ್ಣದ ಕಡೆಗೂ ಲಕ್ಷ್ಯವಿಡಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಮುಂಚಿನ ಬಣ್ಣದ ಪದರಗಳನ್ನು ಒಣದಾಗಿ ಉಜ್ಜಿ ತೆಗೆದರೆ ಸೀಸದ ಧೂಳು ನೆಲದ ಮೇಲೆ ಹರಡಬಹುದು. ಅಂಬೆಗಾಲಿಕ್ಕುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಆದುದರಿಂದ ಹಳೆಯ ಬಣ್ಣವನ್ನು ನೀರು ಹಚ್ಚಿಯೇ ಉಜ್ಜಿಸಬೇಕು. ಆ ದಿನಗಳಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಇರಿಸುವುದು ಲೇಸು.

ಕಣ್ಣಿಗೆ ಕಾಣದ ಬಾಡಿಗೆದಾರ

ಧೂಳಿನಲ್ಲಿ ಉಬ್ಬಸಕ್ಕೆ ಕಾರಣವಾಗುವ ವಸ್ತು ಯಾವುದೆಂಬ ಪ್ರಶ್ನೆ ವೈದ್ಯರನ್ನು ಬಹುಕಾಲ ಕಾಡಿತ್ತು. 1960ರ ದಶಕದಲ್ಲಿ ಹಾಲೆಂಡಿನ ಲೈಡನ್ ನಗರದ ವೂರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್ಮ ಎಂಬ ಸಂಶೋಧಕರು ಧೂಳುನುಸಿ ಎಂಬ ಅತಿಸಣ್ಣ ಜೀವಿಯೇ ಅದರ ಮುಖ್ಯ ಮೂಲವೆಂದು ಗುರುತಿಸಿದರು. ಇದರ ಉದ್ದ ಸುಮಾರು ಮೂರನೆಯ ಒಂದು ಮಿಲಿಮೀಟರು. ಆಹಾರ, ಮನುಷ್ಯನ ಚರ್ಮದ ಹೊಟ್ಟು. ವಾಸ, ಹಾಸಿಗೆ, ದಿಂಬು, ಸೋಫಾ ಮತ್ತು ಜಮಖಾನೆ. ಇದು ಕಚ್ಚುವುದಿಲ್ಲ, ರೋಗಾಣುಗಳನ್ನು ಹರಡುವುದಿಲ್ಲ. ಇದರ ಹಿಕ್ಕೆಯೇ ಅಲರ್ಜಿಯ ದೊಡ್ಡ ಮೂಲವೆಂದು 1981ರಲ್ಲಿ ಸಿದ್ಧವಾಯಿತು.

ಧೂಳುನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿನ ತೇವವನ್ನೇ ಹೀರಿ ಬದುಕುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 50ಕ್ಕಿಂತ ಕೆಳಗೆ ಬಹುಕಾಲ ನಿಂತರೆ ಅದು ಒಣಗಿ ಸಾಯುತ್ತದೆ. ಈ ದೃಷ್ಟಿಯಿಂದ ಮುಂಬಯಿ ಮತ್ತು ಚೆನ್ನೈಗಳಂಥ ಕಡಲತೀರದ ನಗರಗಳು ಅದಕ್ಕೆ ತವರುಮನೆಯಿದ್ದಂತೆ. ಮಳೆಗಾಲದಲ್ಲಿ ನೆಲದ ಮೇಲೆ ಧೂಳು ಕಡಿಮೆ ಕಂಡರೂ ಹಾಸಿಗೆಯೊಳಗೆ ನುಸಿಯೂ ಗೋಡೆಯ ಮೇಲೆ ಬೂಷ್ಟೂ ಬೆಳೆಯುತ್ತಿರುತ್ತವೆ.

ಈ ವಿಷಯದ ಮಹತ್ತ್ವವನ್ನು ಬೆಂಗಳೂರಿನ ಅನುಭವವೂ ತಿಳಿಸುತ್ತದೆ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಪರಿಶೀಲಿಸಿ ನೀಡಿದ ಅಂಕಿಗಳಂತೆ, ಉಬ್ಬಸವುಳ್ಳ ಮಕ್ಕಳ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದುದು 1999ರಲ್ಲಿ ಶೇಕಡಾ 29.5 ಆಗಿತ್ತು. ಇದಕ್ಕೆ ವಾಹನಗಳ ಹೊಗೆ ಮೊದಲಾದ ಕಾರಣಗಳೂ ಇವೆ; ಎಲ್ಲವನ್ನೂ ಮನೆಯ ಧೂಳಿನ ಲೆಕ್ಕಕ್ಕೆ ಬರೆಯಲಾಗದು. ಆದರೆ ಮನೆಯೊಳಗಿನ ಗಾಳಿ ಮನೆಯವರ ಅಧೀನದಲ್ಲಿರುವ ಬಾಬಾದ್ದರಿಂದ ಅದರತ್ತ ಗಮನ ಹರಿಸುವುದು ಯುಕ್ತ.

ಗುಡಿಸುವಿಕೆ: ಖರ್ಚೇ, ವರ್ಗಾವಣೆಯೇ?

ಒಣನೆಲವನ್ನು ಹುಲ್ಲಿನ ಪೊರಕೆಯಿಂದ ಗುಡಿಸಿದಾಗ ದಪ್ಪ ಕಸ ಮೊರಕ್ಕೆ ಬರುತ್ತದೆ. ಸಣ್ಣ ಧೂಳು ಗಾಳಿಗೆ ಏಳುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಲುಗದ ಗಾಳಿಯಲ್ಲಿ ಐದು ಅಡಿ ಎತ್ತರದಿಂದ 100 ಮೈಕ್ರಾನಿನ ಕಣ ಸುಮಾರು 6 ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನಿನ ಕಣಕ್ಕೆ ಸುಮಾರು 8 ನಿಮಿಷ ಬೇಕು. ಒಂದು ಮೈಕ್ರಾನಿನ ಕಣಕ್ಕೋ ಸುಮಾರು 12 ಗಂಟೆ. ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಹೆಚ್ಚು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು ಈ ಅತಿಸಣ್ಣ ಕಣಗಳೇ. ಬೆಳಿಗ್ಗೆ ಎಂಟಕ್ಕೆ ಗುಡಿಸಿ ಎಬ್ಬಿಸಿದ ಧೂಳಿನ ಒಂದಂಶ ರಾತ್ರಿ ಎಂಟರವರೆಗೂ ಇಳಿಯುತ್ತಲೇ ಇರುತ್ತದೆ. ಒಣಗುಡಿಸುವಿಕೆಯಿಂದ ಧೂಳು ಬಹುಮಟ್ಟಿಗೆ ನೆಲದ ಖಾತೆಯಿಂದ ಮೇಜಿನ ಖಾತೆಗೂ ಮನೆಯವರ ಶ್ವಾಸಕ್ಕೂ ವರ್ಗವಾಗುತ್ತದೆ. ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವವಳು ಪೊರಕೆ ಹಿಡಿದವಳು, ಆಕೆ ಗೃಹಿಣಿಯಾಗಿರಲಿ, ನಾಲ್ಕಾರು ಮನೆಗಳ ಕೆಲಸ ಮಾಡುವ ಹೆಣ್ಣುಮಗಳಾಗಿರಲಿ.

ಊರಿನ ಹಿರಿಯರು ನೀರು ಚಿಮುಕಿಸಿ ಗುಡಿಸುತ್ತಿದ್ದುದರ ಅರ್ಥ ಇಲ್ಲಿ ತಿಳಿಯುತ್ತದೆ. ಟೈಲ್ಸಿನ ನೆಲಕ್ಕೆ ಒದ್ದೆಬಟ್ಟೆಯೇ ಸರಿ. ದೊಡ್ಡ ಕಸವನ್ನು ಪೊರಕೆಯಿಂದ ಮೆಲ್ಲನೆ, ನೆಲಕ್ಕೆ ಒತ್ತಿ ಕೂಡಿಸಿ, ಉಳಿದದ್ದನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಬಟ್ಟೆಯನ್ನು ಕೋಣೆಗೊಮ್ಮೆ ಹಿಂಡಿ ನೀರು ಬದಲಿಸದಿದ್ದರೆ, ಹಾಲಿನ ಧೂಳನ್ನೇ ಮಲಗುವ ಕೋಣೆಗೆ ಬಳಿದಂತಾಗುತ್ತದೆ. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು: ಮೊದಲು ಫ್ಯಾನು, ಅನಂತರ ಕಪಾಟು, ಮೇಜು, ಕೊನೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲವನ್ನು ತೊಡಿಸಿ ಎಳೆದರೆ ಧೂಳು ಚೀಲದೊಳಗೇ ಬೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವವರು ಅದರಲ್ಲಿ ಹೆಪಾ ಶೋಧಕವಿದೆಯೇ ಎಂದು ನೋಡಬೇಕು. ಸಾಧಾರಣ ಚೀಲದ ಯಂತ್ರವು ಸೂಕ್ಷ್ಮ ಧೂಳನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಊದುತ್ತದೆ.

ಜಮೆಯನ್ನು ತಗ್ಗಿಸುವ ಉಪಾಯಗಳು

1. ಬಾಗಿಲ ಹೊರಗೊಂದು ಒರಟು ಕಾಲೊರಸು, ಒಳಗೊಂದು ಬಟ್ಟೆಯ ಕಾಲೊರಸು ಇರಲಿ. ಎರಡನ್ನೂ ವಾರಕ್ಕೊಮ್ಮೆ ಹೊರಗೆ ಕೊಡವಿ ತೊಳೆಯಬೇಕು. ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಟ್ಟು, ಬಂದವರು ನೇರವಾಗಿ ಕಾಲು ತೊಳೆಯುವ ರೂಢಿಯನ್ನು ಮಕ್ಕಳಿಗೂ ಕಲಿಸಬೇಕು.

2. ರಸ್ತೆಯ ಬದಿಯ ಕಿಟಕಿಗಳನ್ನು ವಾಹನಸಂಚಾರ ಹೆಚ್ಚಿರುವ ವೇಳೆಯಲ್ಲಿ ಮುಚ್ಚಿಡಬೇಕು. ಚಳಿಗಾಲದಲ್ಲಿ ಮುಂಜಾನೆಯ ಬದಲು, ಕಡಲಗಾಳಿ ಬೀಸುವ ಮಧ್ಯಾಹ್ನದ ಮೇಲೆ ತೆರೆಯುವುದು ಹಿತ. ದಿನವಿಡೀ ಮುಚ್ಚಿದರೆ ತೇವ ಮತ್ತು ಅಡಿಗೆಯ ಹೊಗೆ ಒಳಗೇ ಉಳಿಯುತ್ತವೆಂಬುದನ್ನು ಮರೆಯಬಾರದು. ಕಿಟಕಿಯ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯದಿದ್ದರೆ ಅದೇ ಧೂಳಿನ ಗೋದಾಮಾಗುತ್ತದೆ.

3. ಒಗ್ಗರಣೆ ಹಾಕುವ ಮೊದಲೇ ಎಗ್ಸಾಸ್ಟ್ ಫ್ಯಾನ್ ಹಾಕಿ, ಅಡಿಗೆ ಮುಗಿದ ಮೇಲೂ ಕೆಲವು ನಿಮಿಷ ನಡೆಸಬೇಕು. ದೇವರ ಮುಂದೆ ದೀಪ ಮತ್ತು ಹೂವಿಗೆ ಪ್ರಾಧಾನ್ಯವಿತ್ತು, ಊದುಬತ್ತಿಯನ್ನು ಒಂದಕ್ಕೆ ಮಿತಗೊಳಿಸಿದರೆ ಭಕ್ತಿಗೆ ಕೊರತೆಯೇನೂ ಬಾರದು.

4. ಹಳೆಯ ಪತ್ರಿಕೆಗಳು, ರಟ್ಟಿನ ಪೆಟ್ಟಿಗೆಗಳು, ಮಂಚದ ಕೆಳಗಿನ ಸೂಟ್‌ಕೇಸುಗಳು ಧೂಳಿಗೂ ಜಿರಲೆಗೂ ಆಶ್ರಯ. ರದ್ದಿಯನ್ನು ತಿಂಗಳಿಗೊಮ್ಮೆ ವಿಲೇವಾರಿ ಮಾಡಬೇಕು. ಊರಿಂದ ತಂದ ಪುಸ್ತಕ, ಪಾತ್ರೆ, ಹಳೆಯ ರೇಷ್ಮೆಗಳನ್ನು ಮುಚ್ಚಳವಿರುವ ಪೆಟ್ಟಿಗೆ ಅಥವಾ ಗಾಜಿನ ಬಾಗಿಲಿನ ಕಪಾಟಿನಲ್ಲಿಟ್ಟರೆ ಅವೂ ಉಳಿಯುತ್ತವೆ, ಒರೆಸುವ ಕೆಲಸವೂ ಉಳಿಯುತ್ತದೆ.

5. ನೆರೆಯ ಕಾಮಗಾರಿಯಲ್ಲಿ ಮರೆ, ನೀರಿನ ಸಿಂಪರಣೆಗಳಿಲ್ಲದಿದ್ದರೆ ಒಬ್ಬೊಬ್ಬರು ಗೊಣಗುವುದರಿಂದ ಫಲವಿಲ್ಲ. ಕಟ್ಟಡದ ಸೊಸೈಟಿಯ ಮೂಲಕ ವಾರ್ಡ್ ಕಚೇರಿಗೆ ಲಿಖಿತ ದೂರು ಸಲ್ಲಿಸಬೇಕು.

ಮಲಗುವ ಕೋಣೆಗೆ ಅಗ್ರಸ್ಥಾನ

ಇಡೀ ಮನೆಯನ್ನು ಧೂಳಿಲ್ಲದಂತೆ ಮಾಡುವುದು ಯಾರಿಂದಲೂ ಆಗದು. ಆದರೆ ಮನುಷ್ಯನು ದಿನದ ಮೂರನೆಯ ಒಂದು ಭಾಗವನ್ನು ಮಲಗುವ ಕೋಣೆಯಲ್ಲಿ, ಮುಖವನ್ನು ದಿಂಬಿಗೊತ್ತಿ ಕಳೆಯುತ್ತಾನೆ. ಶಕ್ತಿ ಮತ್ತು ಹಣ ಮಿತವಾಗಿದ್ದರೆ ಅವನ್ನು ಮೊದಲು ಅಲ್ಲಿ ವಿನಿಯೋಗಿಸಬೇಕು.

ಹಾಸಿಗೆಯ ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದರೆ ಧೂಳುನುಸಿ ಸಾಯುತ್ತದೆ, ಅದರ ಹಿಕ್ಕೆಯೂ ತೊಳೆದುಹೋಗುತ್ತದೆ. ಹಾಸಿಗೆಯನ್ನು ಬಿರುಬಿಸಿಲಿಗೆ ಹಾಕಿ ಬಡಿದು ತರುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದೇ. ಬಿಸಿಲು ತೇವವನ್ನು ತೆಗೆದು ನುಸಿಯ ಬೆಳವಣಿಗೆಯನ್ನು ತಡೆಯುತ್ತದೆ. ಬಡಿಯುವುದು ಮಾತ್ರ ಗಚ್ಚಿನ ಮೇಲೆ ನಡೆಯಬೇಕೇ ಹೊರತು ಕೋಣೆಯೊಳಗಲ್ಲ. ಅಲರ್ಜಿಯುಳ್ಳವರಿಗೆ ಹಾಸಿಗೆ ಮತ್ತು ದಿಂಬುಗಳಿಗೆ ಒತ್ತು ನೇಯ್ಗೆಯ, ಪೂರ್ಣವಾಗಿ ಮುಚ್ಚುವ ಗವಸು ಉಪಯುಕ್ತ. ಈ ಒಂದು ಉಪಾಯವನ್ನೇ ನಂಬಿದರೆ ಲಾಭ ಅತ್ಯಲ್ಪವೆಂದು ಪ್ರಯೋಗಗಳು ತಿಳಿಸಿವೆ. ಬಿಸಿನೀರಿನ ಒಗೆತ, ತೇವದ ನಿಯಂತ್ರಣ, ಜಮಖಾನೆಯನ್ನು ತೆಗೆದುಹಾಕುವುದು ಇವುಗಳೊಡನೆ ಸೇರಿಸಿ ಮಾಡಬೇಕು. ಉಬ್ಬಸವುಳ್ಳ ಮಗುವಿನ ಕೋಣೆಯಲ್ಲಿ ದಪ್ಪ ಪರದೆ, ತುಪ್ಪುಳಿನ ಗೊಂಬೆ, ತೆರೆದ ಪುಸ್ತಕದ ರಾಶಿಗಳು ಇರಬಾರದು. ಒದ್ದೆ ಬಟ್ಟೆಗಳನ್ನು ಆ ಕೋಣೆಯಲ್ಲಿ ಒಣಗಹಾಕಬಾರದು.

ಕೋಣೆಯನ್ನು ಸ್ವಚ್ಛಗೊಳಿಸುವಾಗ ಮತ್ತು ಅನಂತರ ಅರ್ಧ ಗಂಟೆ ರೋಗಿಯು ಹೊರಗಿರಬೇಕು. ಕೆಲಸ ಮಾಡುವವರು ಮೂಗು-ಬಾಯಿಗೆ ಮುಖಗವಸು ಕಟ್ಟಿಕೊಳ್ಳಬೇಕು. ಅಟ್ಟ ಇಳಿಸುವ ದಿನವಂತೂ ಇದು ಕಡ್ಡಾಯ. ಧೂಳು ಕಡಿಮೆಯಾಯಿತೆಂದು ವೈದ್ಯರು ಕೊಟ್ಟ ಇನ್‌ಹೇಲರನ್ನು ನಿಲ್ಲಿಸಬಾರದು. ಸ್ವಚ್ಛತೆಯು ಔಷಧಕ್ಕೆ ಸಹಾಯಕ. ಅದರ ಸ್ಥಾನವನ್ನು ತುಂಬಲಾರದು. ರಾತ್ರಿ ಮಲಗಿದಾಗ ಕೆಮ್ಮು, ಎದೆಯಲ್ಲಿ ಸಿಳ್ಳಿನಂಥ ಸದ್ದು, ಬೆಳಗಾದೊಡನೆ ಸಾಲುಸೀನು ಪದೇಪದೇ ಕಾಣಿಸಿದರೆ 'ಊರಿನ ಹವೆ ಒಗ್ಗಲಿಲ್ಲ' ಎಂದು ಸುಮ್ಮನಿರದೆ ತಜ್ಞರಿಗೆ ತೋರಿಸಬೇಕು.

ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಮನೆಯನ್ನೆಲ್ಲ ತಿರುವಿಹಾಕಿ ತೊಳೆಯುವ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಧೂಳಿನ ಜಮೆ ನಿತ್ಯವೂ ಆಗುತ್ತಿರುವುದರಿಂದ ಲೆಕ್ಕವನ್ನೂ ನಿತ್ಯವೇ ನೋಡಬೇಕಾಗುತ್ತದೆ. ಬಾಗಿಲಲ್ಲಿ ಕಾಲೊರಸು, ನೆಲಕ್ಕೆ ಒದ್ದೆಬಟ್ಟೆ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದ ಹಾಸಿಗೆಯ ಬಟ್ಟೆ: ಇವು ಮೂರಕ್ಕೆ ತಗಲುವ ವೆಚ್ಚ ಅಲ್ಪ. ಇವನ್ನು ವರ್ಷವಿಡೀ ನಡೆಸಿಕೊಂಡು ಬಂದರೆ ಮನೆಯ ಮಕ್ಕಳೂ ವೃದ್ಧರೂ ರಾತ್ರಿ ನೆಮ್ಮದಿಯಾಗಿ ಉಸಿರಾಡಿ ನಿದ್ರಿಸುವರು.