ಧ್ವನಿಮುದ್ರಣ, ರಾಡಾರ್: ಮೊದಲಿಗರು ಯಾರು?

ಧ್ವನಿಮುದ್ರಣದ ಪ್ರಶ್ನೆ ಬಂದೊಡನೆ ಎಡಿಸನ್ ಹೆಸರಿಗೆ ಗುರುತು ಹಾಕಬೇಡಿ. ಅವರಿಗಿಂತ 20 ವರ್ಷ ಮೊದಲೇ, 1857ರಲ್ಲಿ, ಫ್ರಾನ್ಸಿನ ಲಿಯೋನ್ ಸ್ಕಾಟ್ ‘ಫೋನಾಟೋಗ್ರಾಫ್’ಗೆ ಪೇಟೆಂಟ್ ಪಡೆದಿದ್ದರು. ದೀಪದ ಮಸಿ ಹಿಡಿದ ಕಾಗದದ ಮೇಲೆ ಬಿರುಗೂದಲೊಂದು ದನಿಯ ಕಂಪನವನ್ನು ಗೀಚುತ್ತಿತ್ತು. ಅದನ್ನು ಮತ್ತೆ ಕೇಳಿಸುವ ಉಪಾಯ ಮಾತ್ರ ಇರಲಿಲ್ಲ. 1860ರ ಅಂಥದ್ದೊಂದು ಗೀಚಿನಿಂದ ಹಾಡು ಹೊರಟದ್ದು 2008ರಲ್ಲಿ, ಕಂಪ್ಯೂಟರ್ ನೆರವಿನಿಂದ. ಎಂಥ ರೋಮಾಂಚನ! ಮುದ್ರಿಸಿ ಮರಳಿ ಕೇಳಿಸಿದ ಮೊದಲ ಯಂತ್ರ ಎಡಿಸನ್ನರ ಫೋನೋಗ್ರಾಫ್ (1877). ಪ್ರಶ್ನೆ ಯಾವುದರ ಬಗ್ಗೆ ಎಂದು ನೋಡಿ ಉತ್ತರಿಸಿ. ಗ್ರಾಮಫೋನ್ ರೂಪಿಸಿದವರು ಯಾರೆಂದು ಕೇಳಿದರೆ ಉತ್ತರ ಬರ್ಲಿನರ್ (1887).

ರಾಡಾರ್‌ಗೆ ಬ್ರಿಟನ್ನಿನ ವಾಟ್ಸನ್-ವಾಟ್ ಪ್ರಸಿದ್ಧರು. 1935ರ ಫೆಬ್ರವರಿ 26ರಂದು ಡ್ಯಾವೆಂಟ್ರಿ ಬಳಿ ಬಿಬಿಸಿ ಪ್ರಸಾರದ ಅಲೆಗಳಿಂದಲೇ ವಿಮಾನ ಪತ್ತೆಹಚ್ಚಿದರು. ಆದರೆ ಜರ್ಮನಿಯ ಹ್ಯೂಲ್ಸ್‌ಮೆಯರ್ 1904ರಲ್ಲೇ ರೈನ್ ನದಿಯ ಹಡಗನ್ನು ರೇಡಿಯೊ ಪ್ರತಿಫಲನದಿಂದ ಗುರುತಿಸಿ ತೋರಿಸಿದ್ದರು. ಅವರ ಉಪಕರಣ ನೇರವಾಗಿ ದೂರ ಅಳೆಯುತ್ತಿರಲಿಲ್ಲ.